ಹೊಸ ಕಾರ್ಡು, ಹಳೆಯ ಕೌಂಟರು

ನಿಮ್ಮ ಪರ್ಸಿನಲ್ಲಿರುವ ಡೆಬಿಟ್ ಕಾರ್ಡನ್ನು ಒಮ್ಮೆ ಹೊರತೆಗೆದು ನೋಡಿ. ಮುಂಭಾಗದಲ್ಲಿ ಬಂಗಾರದ ಬಣ್ಣದ ಪುಟ್ಟ ಚಿಪ್ ಇದೆ. ಹತ್ತಿರದಲ್ಲೇ ವೈಫೈ ಗುರುತನ್ನು ಅಡ್ಡ ಮಲಗಿಸಿದಂತೆ ನಾಲ್ಕು ಬಾಗಿದ ಗೆರೆಗಳಿರಬಹುದು. ತಿರುಗಿಸಿದರೆ ಬೆನ್ನಿಗೆ ಕಪ್ಪು ಪಟ್ಟಿ. ಕಾರ್ಡು ಸ್ವಲ್ಪ ಹಳೆಯದಾಗಿದ್ದರೆ ಅದರ ಅಂಕಿಗಳು ಉಬ್ಬಿರುತ್ತವೆ, ಬೆರಳಾಡಿಸಿದರೆ ತಿಳಿಯುತ್ತದೆ.

ಇವು ನಾಲ್ಕೂ ಒಂದೇ ಕೆಲಸಕ್ಕೆ ಇರುವಂಥವು. ಉಬ್ಬಿದ ಅಂಕಿ, ಕಾರ್ಬನ್ ಹಾಳೆಯಿಟ್ಟು ಕಾರ್ಡಿನ ಅಚ್ಚು ತೆಗೆದುಕೊಳ್ಳುತ್ತಿದ್ದ ಕಾಲದ್ದು. ಕಪ್ಪು ಪಟ್ಟಿ, ಮಷಿನ್‌ನಲ್ಲಿ ಉಜ್ಜುವ ಕಾಲದ್ದು. ಚಿಪ್, ಮಷಿನ್‌ನೊಳಗೆ ತೂರಿಸಿ ಪಿನ್ ಒತ್ತುವ ಕಾಲದ್ದು. ಗೆರೆಗಳು, ಸುಮ್ಮನೆ ತಾಗಿಸಿ ಹೋಗುವ ಇಂದಿನ ಕಾಲದ್ದು. ಹೊಸ ವಿಧಾನ ಬಂದಾಗಲೆಲ್ಲ ಹಳೆಯದನ್ನು ಕಿತ್ತು ಹಾಕಲಾಗಲಿಲ್ಲ, ಏಕೆಂದರೆ ಎಲ್ಲೋ ಒಂದು ಅಂಗಡಿಯಲ್ಲಿ, ಒಂದು ಪೆಟ್ರೋಲ್ ಬಂಕಿನಲ್ಲಿ, ಒಂದು ಕಚೇರಿಯಲ್ಲಿ ಹಳೆಯ ಯಂತ್ರ ಇನ್ನೂ ಕೂತಿತ್ತು. ಹಾಗಾಗಿ ಮೂರು ನಾಲ್ಕು ತಲೆಮಾರುಗಳು ಒಂದೇ ಪ್ಲಾಸ್ಟಿಕ್ ತುಂಡಿನ ಮೇಲೆ ಕೂಡು ಕುಟುಂಬದಂತೆ ಬಾಳುತ್ತಿವೆ.

ಪಾವತಿಯ ಹೊಸ ವಿಧಾನವೊಂದು ಬಿಡುಗಡೆಯಾದರೆ ಅದು ದೊಡ್ಡ ಸುದ್ದಿ. ಅದು ಹಳೆಯ ಕೌಂಟರಿನಲ್ಲೂ ನಡೆಯುವಂತೆ ಮಾಡುವ ಕೆಲಸ ಸುದ್ದಿಯಾಗುವುದಿಲ್ಲ. ಆ ಕೆಲಸ ಅರ್ಧಕ್ಕೆ ನಿಂತಾಗ ನಷ್ಟ ಬೀಳುವುದು ಮಾತ್ರ ಕೌಂಟರಿನ ಮುಂದೆ ನಿಂತವರ ತಲೆಯ ಮೇಲೆ. ಉದ್ಯೋಗಕ್ಕೆ ಅರ್ಜಿ ಹಾಕುವ ನಮಗೆ ಇದು ಬ್ಯಾಂಕಿನವರ ತಲೆನೋವು ಎಂದು ಬಿಡುವಂಥ ವಿಷಯವಲ್ಲ. ಕೊನೆಯ ದಿನ ಶುಲ್ಕ ಕಟ್ಟುವಾಗ ನಾವೂ ಅದೇ ಸಾಲಿನಲ್ಲಿ ನಿಂತಿರುತ್ತೇವೆ.

ಹೊಸತು ಹಳೆಯ ವೇಷ ತೊಟ್ಟಾಗ

ಕಾರ್ಡನ್ನು ಮಷಿನ್‌ಗೆ ತೋರಿಸಿದ ಆ ಒಂದೆರಡು ಸೆಕೆಂಡಿನಲ್ಲಿ ಏನಾಗುತ್ತದೆ ಎಂದು ಮೊದಲು ನೋಡೋಣ. ಅಂಗಡಿಯ ಮಷಿನ್ ಒಂದು ಸಂದೇಶ ಸಿದ್ಧಪಡಿಸುತ್ತದೆ. ಅದು ಅಂಗಡಿಯವರ ಬ್ಯಾಂಕಿಗೆ, ಅಲ್ಲಿಂದ ರೂಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲಕ್ಕೆ, ಅಲ್ಲಿಂದ ನಮ್ಮ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಬ್ಯಾಂಕ್ ‘ಸರಿ’ ಅಥವಾ ‘ಇಲ್ಲ’ ಎಂದ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಈ ಸಂದೇಶ ಹೇಗಿರಬೇಕು ಎಂಬುದಕ್ಕೆ ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಮೊದಲ ಆವೃತ್ತಿ ಬಂದದ್ದು 1987ರಲ್ಲಿ. ಆಗ ಚಿಪ್ ಕಾರ್ಡಿನ ಇಎಂವಿ ಮಾನದಂಡವೇ ಹುಟ್ಟಿರಲಿಲ್ಲ. ಚಿಪ್ ಬಂದಾಗ ಈ ವ್ಯವಸ್ಥೆಯನ್ನು ಯಾರೂ ಬಿಸಾಡಲಿಲ್ಲ. ಸಂದೇಶದ 55ನೇ ಅಂಕಣವನ್ನು ಚಿಪ್‌ನ ಮಾಹಿತಿಗೆ ಮೀಸಲಿಟ್ಟರು. ಹಳೆಯ ಮನೆಗೆ ಒಂದು ಕೋಣೆ ಸೇರಿಸಿದಂತೆ ಆಯಿತು.

ಇದಕ್ಕಿಂತ ಸ್ವಾರಸ್ಯದ ಉದಾಹರಣೆ ಸ್ಯಾಮ್‌ಸಂಗ್ ಪೇ. 2015ರಲ್ಲಿ ಸ್ಯಾಮ್‌ಸಂಗ್ ಲೂಪ್‌ಪೇ ಎಂಬ ಕಂಪನಿಯನ್ನು ಕೊಂಡುಕೊಂಡಿತು. ಆ ಕಂಪನಿಯ ತಂತ್ರ ಸರಳವಾಗಿತ್ತು: ಫೋನನ್ನು ಹಳೆಯ ಸ್ವೈಪಿಂಗ್ ಮಷಿನ್ ಹತ್ತಿರ ಹಿಡಿದರೆ, ಕಪ್ಪು ಪಟ್ಟಿ ಉಜ್ಜಿದಾಗ ಹುಟ್ಟುವಂಥದೇ ಕಾಂತೀಯ ಸಂಕೇತವನ್ನು ಫೋನ್ ಹೊಮ್ಮಿಸುತ್ತಿತ್ತು. ಯಾರೋ ಕಾರ್ಡ್ ಉಜ್ಜಿದರು ಎಂದೇ ಮಷಿನ್ ನಂಬುತ್ತಿತ್ತು. ಅಂಗಡಿಯವರು ಹೊಸ ಯಂತ್ರ ಕೊಳ್ಳಬೇಕಾಗಿರಲಿಲ್ಲ. 2017ರಲ್ಲಿ ಈ ಸೇವೆ ಭಾರತಕ್ಕೂ ಬಂತು. ತಾಗಿಸುವ ಮಷಿನ್‌ಗಳು ಹೆಚ್ಚಾದ ಮೇಲೆ ಕಂಪನಿ ತನ್ನ ಹೊಸ ಫೋನ್‌ಗಳಿಂದ ಆ ಸೌಲಭ್ಯವನ್ನು ಕೈಬಿಟ್ಟಿತು. ಸೇತುವೆಯ ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಎಲ್ಲ ಸೇತುವೆಗಳೂ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ಚಿಪ್ಪನ್ನು ನಕಲು ಮಾಡುವುದು ಬಹಳ ಕಷ್ಟ, ಪ್ರತಿ ವಹಿವಾಟಿಗೂ ಅದು ಹೊಸ ಗುಪ್ತ ಸಂಕೇತ ತಯಾರಿಸುತ್ತದೆ. ಕಪ್ಪು ಪಟ್ಟಿಯಲ್ಲಿ ಇರುವುದು ಬದಲಾಗದ ಮಾಹಿತಿ, ಓದಿಕೊಂಡವರು ಇನ್ನೊಂದು ಕಾರ್ಡಿಗೆ ಬರೆಯಬಹುದು. ಒಂದೇ ಕಾರ್ಡಿನಲ್ಲಿ ಎರಡೂ ಇದ್ದರೆ ಕಳ್ಳ ಚಿಪ್ಪಿನ ಗೊಡವೆಗೆ ಹೋಗುವುದಿಲ್ಲ. ಎಟಿಎಂನಲ್ಲಿ ಸ್ಕಿಮ್ಮರ್ ಇಟ್ಟು ಪಟ್ಟಿಯನ್ನೇ ಕದಿಯುತ್ತಾನೆ. ಮುಂಬಾಗಿಲಿಗೆ ಭದ್ರ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಹಾಗಾಗಿ ಹಲವು ದೇಶಗಳಲ್ಲಿ ಒಂದು ಹಂತದಲ್ಲಿ ಗಡುವು ಹಾಕಲೇಬೇಕಾಯಿತು. ಅಮೆರಿಕದಲ್ಲಿ ಕಾರ್ಡ್ ಕಂಪನಿಗಳು 2015ರ ಅಕ್ಟೋಬರ್ 1ರಿಂದ ಹೊಣೆಯನ್ನೇ ಬದಲಿಸಿದವು. ಚಿಪ್ ಕಾರ್ಡ್ ತಂದ ಗ್ರಾಹಕನಿಗೆ ಚಿಪ್ ಓದುವ ಮಷಿನ್ ಇಡದ ಅಂಗಡಿಯಲ್ಲಿ ನಕಲಿ ಕಾರ್ಡಿನ ವಂಚನೆ ನಡೆದರೆ ನಷ್ಟ ಅಂಗಡಿಯ ಕಡೆಗೆ ಬೀಳುತ್ತದೆ ಎಂದವು. ಪೆಟ್ರೋಲ್ ಬಂಕ್‌ಗಳಿಗೆ ಮಾತ್ರ ಗಡುವು ಮುಂದೂಡುತ್ತಾ 2021ರ ಏಪ್ರಿಲ್‌ವರೆಗೂ ಹೋಯಿತು. ಅಲ್ಲಿ ಕಾರ್ಡ್ ಓದುವ ಸಾಧನ ಪಂಪಿನೊಳಗೇ ಕೂತಿರುತ್ತದೆ, ಬದಲಿಸುವುದು ದುಬಾರಿ ಕೆಲಸ. ಭಾರತದಲ್ಲಿ ರಿಸರ್ವ್ ಬ್ಯಾಂಕ್, ಬರೀ ಪಟ್ಟಿ ಇರುವ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಮತ್ತು ಪಿನ್ ಇರುವ ಕಾರ್ಡುಗಳಿಗೆ ಬದಲಿಸುವಂತೆ ಬ್ಯಾಂಕುಗಳಿಗೆ ಹೇಳಿತ್ತು. ಆಗ ಎಟಿಎಂ ಕಾರ್ಡ್ ಬದಲಿಸಲು ಬ್ಯಾಂಕಿನಲ್ಲಿ ಸಾಲು ನಿಂತದ್ದು ಹಲವರ ಮನೆಯ ಹಿರಿಯರಿಗೆ ನೆನಪಿರಬಹುದು. ಇಷ್ಟಾದರೂ ಪಟ್ಟಿ ಪೂರ್ತಿ ಹೋಗಿಲ್ಲ. ಮಾಸ್ಟರ್‌ಕಾರ್ಡ್ ತನ್ನ ಕಾರ್ಡುಗಳಿಂದ ಕಪ್ಪು ಪಟ್ಟಿಯನ್ನು ಸಂಪೂರ್ಣ ತೆಗೆಯಲು ಇಟ್ಟುಕೊಂಡಿರುವ ಗುರಿ 2033!

ತಾಗಿಸಿದರೂ ಯಾಕೆ ಕೆಲಸ ಮಾಡುವುದಿಲ್ಲ?

ಹೊಸ ಕಾರ್ಡ್ ಸಿಕ್ಕ ಖುಷಿಯಲ್ಲಿ ಅಂಗಡಿಯಲ್ಲಿ ತಾಗಿಸುತ್ತೇವೆ. ಮಷಿನ್ ಒಲ್ಲೆ ಎನ್ನುತ್ತದೆ. “ನಮ್ಮ ಮಷಿನ್ ಟಚ್ ತಗೊಳಲ್ಲ, ಒಳಗೆ ಹಾಕಿ ಪಿನ್ ಒತ್ತಿ” ಎನ್ನುತ್ತಾರೆ ಅಂಗಡಿಯವರು. ಮಷಿನ್ ಹಳೆಯದಾಗಿದ್ದರೆ ಅವರು ಹೇಳಿದ್ದು ನಿಜ. ಆದರೆ ಅನೇಕ ಬಾರಿ ತೊಡಕು ಇರುವುದು ನಮ್ಮ ಕಡೆಯೇ. 2020ರಲ್ಲಿ ಜಾರಿಗೆ ಬಂದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡು ಕೈಗೆ ಬರುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷಿನ್‌ಗಳಲ್ಲಿ ಬಳಸಲು ಮಾತ್ರ ತೆರೆದಿರುತ್ತದೆ. ಆನ್‌ಲೈನ್ ಪಾವತಿ, ವಿದೇಶಿ ಬಳಕೆ, ತಾಗಿಸುವ ಸೌಲಭ್ಯಗಳನ್ನು ಬ್ಯಾಂಕಿನ ಆ್ಯಪ್‌ನಲ್ಲೋ ಎಟಿಎಂನಲ್ಲೋ ನಾವೇ ಚಾಲೂ ಮಾಡಿಕೊಳ್ಳಬೇಕು. ಪಿನ್ ಇಲ್ಲದೆ ತಾಗಿಸಬಹುದಾದ ಮೊತ್ತಕ್ಕೂ ಮಿತಿಯಿದೆ. 2015ರಲ್ಲಿ 2,000 ರೂಪಾಯಿ ಇದ್ದದ್ದು 2021ರ ಜನವರಿ 1ರಿಂದ 5,000 ಆಯಿತು.

ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ನಿಯಮವೇ. ಆದರೆ ಮೊದಲ ಬಾರಿ ಅರ್ಜಿ ಶುಲ್ಕ ಕಟ್ಟಲು ಕೂತ ವಿದ್ಯಾರ್ಥಿಗೆ ಪರದೆ ತೋರಿಸುವುದು ‘ಟ್ರಾನ್ಸಾಕ್ಷನ್ ಡಿಕ್ಲೈನ್ಡ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಮಾತ್ರ. ‘ನಿಮ್ಮ ಕಾರ್ಡಿನಲ್ಲಿ ಆನ್‌ಲೈನ್ ಬಳಕೆ ಬಂದ್ ಆಗಿದೆ, ಬ್ಯಾಂಕ್ ಆ್ಯಪ್‌ನಲ್ಲಿ ಚಾಲೂ ಮಾಡಿ’ ಎಂದು ಕನ್ನಡದಲ್ಲಿ ಒಂದು ಸಾಲು ಬಂದಿದ್ದರೆ ಎಷ್ಟೋ ಮಂದಿ ಸೈಬರ್ ಸೆಂಟರಿಗೆ ಓಡಬೇಕಾಗಿರಲಿಲ್ಲ. ಆದರೆ ಆ ಕಾರಣ ದಾರಿಯುದ್ದಕ್ಕೂ ಸಾಗಿ ಪರದೆಯವರೆಗೆ ಬರಬೇಕು. ಹಳೆಯ ಪೋರ್ಟಲ್‌ಗಳಲ್ಲಿ ಅದನ್ನು ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ಹದಿನಾರು ಅಂಕಿಯ ಮೋಹ

ಆನ್‌ಲೈನ್ ಜಗತ್ತಿನ ಹಳೆಯ ಗಲ್ಲಾಪೆಟ್ಟಿಗೆ ಎಂದರೆ ಕಾರ್ಡ್ ನಂಬರ್ ತುಂಬುವ ಆ ಪುಟ. ಎಷ್ಟೋ ವರ್ಷ ಶಾಪಿಂಗ್ ತಾಣಗಳು ನಮ್ಮ ಹದಿನಾರು ಅಂಕಿಗಳನ್ನು ತಮ್ಮಲ್ಲೇ ಬರೆದಿಟ್ಟುಕೊಳ್ಳುತ್ತಿದ್ದವು. ಅಲ್ಲಿಂದ ಸೋರಿದರೆ ಲಕ್ಷಾಂತರ ಜನರ ಕಾರ್ಡ್ ವಿವರ ಬೀದಿಗೆ. ಇದಕ್ಕೆ ಆರ್‌ಬಿಐ ತಂದ ಪರಿಹಾರ ಟೋಕನೈಸೇಷನ್. ನಿಜವಾದ ನಂಬರಿನ ಬದಲು ಒಂದು ಬದಲಿ ನಂಬರ್ ಕೊಡುವುದು. ಆ ಟೋಕನ್ ಒಂದು ಕಾರ್ಡ್ ಮತ್ತು ಒಂದು ತಾಣದ ಜೋಡಿಗೆ ಮಾತ್ರ ಸೀಮಿತ. ಕದ್ದರೂ ಬೇರೆಡೆ ಬಳಸಲಾಗದು.

ಕೇಳಲು ಸುಲಭ. ಆದರೆ ದೇಶದ ಸಾವಿರಾರು ತಾಣಗಳ ತಂತ್ರಾಂಶ ನಿಂತಿದ್ದದ್ದು ಹಳೆಯ ನಂಬರಿನ ಮೇಲೆ. ಡೇಟಾಬೇಸಿನ ಅಂಕಣ ಹದಿನಾರು ಅಂಕಿಗಳನ್ನು ನಿರೀಕ್ಷಿಸುತ್ತಿತ್ತು. ಕೊನೆಯ ಅಂಕಿ ಒಂದು ಲೆಕ್ಕಕ್ಕೆ ತಾಳೆಯಾಗಬೇಕಿತ್ತು. ಇದನ್ನು ಲೂನ್ ಸೂತ್ರ ಎನ್ನುತ್ತಾರೆ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ರೂಪಿಸಿದ ಈ ಸೂತ್ರ ಒಂದು ಅಂಕಿ ತಪ್ಪಾಗಿ ಒತ್ತಿದರೆ ಕೂಡಲೇ ಹಿಡಿಯುತ್ತದೆ. ಹಾಗಾಗಿ ಟೋಕನ್ ರೂಪಿಸಿದವರು ಅದನ್ನೂ ಕಾರ್ಡ್ ನಂಬರಿನಂತೆಯೇ ಕಾಣುವ, ಲೂನ್ ಪರೀಕ್ಷೆಯಲ್ಲೂ ಪಾಸಾಗುವ ಸಂಖ್ಯೆಯಾಗಿ ಮಾಡಿದರು. ಹಳೆಯ ಅಂಕಣದಲ್ಲಿ ಅದು ಸದ್ದಿಲ್ಲದೆ ಕೂತಿತು. ಜಾಣ ಉಪಾಯ.

ಆದರೆ ನಂಬರ್ ಕೂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಈ ಬ್ಯಾಂಕಿನ ಕಾರ್ಡಿಗೆ ಶೇ 10 ರಿಯಾಯಿತಿ’ ಎಂಬ ಆಫರ್ ನಡೆಯುತ್ತಿದ್ದದ್ದು ಕಾರ್ಡಿನ ಮೊದಲ ಅಂಕಿಗಳನ್ನು ನೋಡಿ. ಕಂತಿನ ಲೆಕ್ಕ, ಹಣ ವಾಪಸ್, ದೂರು ವಿಚಾರಣೆ, ಎಲ್ಲದರಲ್ಲೂ ಹಳೆಯ ನಂಬರ್ ಹೊಕ್ಕಿತ್ತು. ಹೀಗಾಗಿ 2021ರ ಡಿಸೆಂಬರ್ 31ರ ಗಡುವು 2022ರ ಜೂನ್ 30ಕ್ಕೆ, ಮತ್ತೆ ಸೆಪ್ಟೆಂಬರ್ 30ಕ್ಕೆ ಹೋಯಿತು. ಅಕ್ಟೋಬರ್ 1ರಿಂದ ನಿಯಮ ಜಾರಿಯಾಯಿತು. ಟೋಕನ್ ಬೇಡ, ಪ್ರತಿ ಸಲ ನಂಬರ್ ತುಂಬುತ್ತೇನೆ ಎನ್ನುವ ಗ್ರಾಹಕರ ಸಲುವಾಗಿ, ವ್ಯಾಪಾರಿಗಳು ಹೆಚ್ಚೆಂದರೆ ನಾಲ್ಕು ದಿನ ವಿವರ ಇಟ್ಟುಕೊಳ್ಳಬಹುದು ಎಂಬ ತಾತ್ಕಾಲಿಕ ರಿಯಾಯಿತಿಯನ್ನೂ ಕೊಡಬೇಕಾಯಿತು. ಲೆಕ್ಕ ತಾಳೆ ನೋಡಲು ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನು ಉಳಿಸಿಕೊಳ್ಳಲು ಬಿಟ್ಟರು.

ಗಡುವು ಮುಂದೂಡಿದಾಗಲೆಲ್ಲ ‘ಇವರಿಗೆ ಇಚ್ಛಾಶಕ್ತಿ ಇಲ್ಲ’ ಎಂದು ಟೀಕಿಸುವುದು ಸುಲಭ. ನನಗೆ ಅನ್ನಿಸುವುದು ಬೇರೆ. ಗಡುವು ಮುಂದೂಡಿ ಸಿದ್ಧತೆ ಮಾಡಿಕೊಂಡ ಟೋಕನ್ ನಿಯಮ ಜಾರಿಯಾದ ದಿನ ಜನರಿಗೆ ಹೆಚ್ಚು ತೊಂದರೆ ತಟ್ಟಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2021ರ ಅಕ್ಟೋಬರ್ 1ರಂದು, ತಾನಾಗಿಯೇ ಕಡಿತವಾಗುವ ಮಾಸಿಕ ಪಾವತಿಗಳಿಗೆ ಹೊಸ ನಿಯಮ ಬಂದಿತ್ತು. 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು, 5,000 ರೂಪಾಯಿ ಮೀರಿದರೆ ಓಟಿಪಿ ಬೇಕು ಎಂಬುದು ಅದರ ತಿರುಳು. ಗ್ರಾಹಕರ ಹಿತದ ನಿಯಮವೇ. ಆದರೆ ಬ್ಯಾಂಕ್ ಮತ್ತು ಸೇವಾ ಕಂಪನಿಗಳ ವ್ಯವಸ್ಥೆ ಹೊಂದಿಕೊಂಡಿರದ ಕಡೆ ಚಂದಾಗಳು, ಬಿಲ್ಲುಗಳು ನಿಂತುಹೋದವು. ಮರುವರ್ಷ ಆ ಮಿತಿಯನ್ನು 15,000ಕ್ಕೆ ಏರಿಸಲಾಯಿತು. ನಿಯಮ ಎಷ್ಟೇ ಒಳ್ಳೆಯದಿದ್ದರೂ ಅದು ಇಳಿಯುವ ನೆಲ ಸಿದ್ಧವಾಗಿರಬೇಕು ಎಂಬುದಕ್ಕೆ ಈ ಎರಡು ಪ್ರಸಂಗಗಳೇ ಸಾಕು.

ಅಂಗಡಿಯ ಕ್ಯೂಆರ್ ಕೂಡ ಈಗ ಹಳೆಯದು

ಯುಪಿಐ ಬಂದದ್ದು 2016ರಲ್ಲಿ. ಇಷ್ಟು ಬೇಗ ಅದೂ ‘ಹಳೆಯ ವ್ಯವಸ್ಥೆ’ಯ ಸಾಲಿಗೆ ಸೇರಿದೆ. 2022ರ ಸೆಪ್ಟೆಂಬರಿನಲ್ಲಿ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ ಆರಂಭವಾಯಿತು. ಸಾವಿರಾರು ರೂಪಾಯಿಯ ಸ್ವೈಪಿಂಗ್ ಮಷಿನ್ ಇಲ್ಲದ ಕಿರಾಣಿ ಅಂಗಡಿಯಲ್ಲೂ, ಗೋಡೆಗೆ ಅಂಟಿಸಿದ ಅದೇ ಕ್ಯೂಆರ್ ಚೀಟಿಯ ಮೇಲೆ ಕ್ರೆಡಿಟ್ ಕಾರ್ಡ್ ನಡೆಯುತ್ತದೆ. ಹೊಸ ವಿಧಾನ ಹಳೆಯ ಕೌಂಟರಿನಲ್ಲಿ ಒಂದು ಪೈಸೆ ಖರ್ಚಿಲ್ಲದೆ ಹೊಂದಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಆದರೂ ಒಂದು ಷರತ್ತಿದೆ. ಕ್ರೆಡಿಟ್ ಕಾರ್ಡಿನ ಹಣ ವ್ಯಾಪಾರಿಯ ಖಾತೆಗೆ ಮಾತ್ರ ಹೋಗಬಹುದು, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವಂತಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ತಳ್ಳುಗಾಡಿ, ಟೀ ಅಂಗಡಿಗಳ ಕ್ಯೂಆರ್ ಮಾಲೀಕರ ಅಥವಾ ಅವರ ಮಗನ ಸ್ವಂತ ಖಾತೆಯದು. ಅಲ್ಲಿ ಸ್ಕ್ಯಾನ್ ಮಾಡಿದರೆ ಕ್ರೆಡಿಟ್ ಕಾರ್ಡ್ ಆಯ್ಕೆಯೇ ತೆರೆಯುವುದಿಲ್ಲ. ಗ್ರಾಹಕರು ಆ್ಯಪ್ ಸರಿಯಿಲ್ಲ ಎನ್ನುತ್ತಾರೆ, ಅಂಗಡಿಯವರು ನೆಟ್‌ವರ್ಕ್ ಇಲ್ಲ ಎನ್ನುತ್ತಾರೆ. ಇಬ್ಬರಿಗೂ ಕಾರಣ ಹೇಳಿದವರಿಲ್ಲ.

‘ವ್ಯಾಪಾರಿ ಕ್ಯೂಆರ್ ತೆಗೆದುಕೊಳ್ಳಿ’ ಎಂದರೆ ಮುಗಿಯಿತಲ್ಲ ಎನ್ನಬಹುದು. ಆದರೆ 2025ರ ಜುಲೈನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ತೆರಿಗೆ ಕಟ್ಟಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಕೌಂಟರ್ ಎಂದರೆ ಯಂತ್ರವಷ್ಟೇ ಅಲ್ಲ, ಅದರ ಹಿಂದೆ ಕೂತ ಮನುಷ್ಯರೂ ಹೌದು. ತಂತ್ರಾಂಶ ಹೊಂದಿಕೊಂಡರೂ ಅವರಿಗೆ ಭರವಸೆ ಇಲ್ಲದಿದ್ದರೆ ಹೊಸ ವಿಧಾನ ಒಂದೇ ವಾರದಲ್ಲಿ ಹಿಂದೆ ಸರಿಯುತ್ತದೆ.

ಮೆಟ್ರೊ ಗೇಟಿನ ಮುಂದೆ ಇನ್ನೊಂದು ಬಗೆಯ ಗೊಂದಲವಿದೆ. ನಮ್ಮ ಮೆಟ್ರೊ 2011ರಲ್ಲಿ ಓಡಲಾರಂಭಿಸಿದಾಗ ತನ್ನದೇ ಸ್ಮಾರ್ಟ್ ಕಾರ್ಡ್ ತಂದಿತ್ತು. ಈಗ ಅಲ್ಲಿ ದೇಶದ ಎಲ್ಲೆಡೆ ನಡೆಯಲೆಂದು 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್, ಅಂದರೆ ಎನ್‌ಸಿಎಂಸಿ ಕೂಡ ನಡೆಯುತ್ತದೆ. ಗೇಟು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಬೇಕು, ಪ್ರತಿ ಪ್ರಯಾಣಿಕರಿಗೂ ಬ್ಯಾಂಕನ್ನು ಕೇಳುತ್ತಾ ಕೂರಲಾಗದು. ಅದಕ್ಕಾಗಿ ಈ ಕಾರ್ಡಿನ ಚಿಪ್ಪಿನೊಳಗೇ ಒಂದಿಷ್ಟು ಹಣ ಇಡುತ್ತಾರೆ. ಮೊಬೈಲಿನಲ್ಲಿ ರೀಚಾರ್ಜ್ ಮಾಡಿದ ಹಣ ಮೊದಲು ಬ್ಯಾಂಕಿನ ಲೆಕ್ಕದಲ್ಲಿರುತ್ತದೆ. ನಿಲ್ದಾಣದ ಯಂತ್ರದಲ್ಲಿ ಅದನ್ನು ಚಿಪ್ಪಿಗೆ ಇಳಿಸಿಕೊಳ್ಳಬೇಕು. ಇದು ಗೊತ್ತಿಲ್ಲದವರು ‘ದುಡ್ಡು ಹಾಕಿದ್ದೇನೆ, ಗೇಟ್ ತೆರೀತಿಲ್ಲ’ ಎಂದು ಸಿಬ್ಬಂದಿಯ ಜತೆ ವಾದಕ್ಕಿಳಿಯುತ್ತಾರೆ. ಎರಡು ಕಾಲದ ವ್ಯವಸ್ಥೆ ಸೇರಿದ ಕಡೆ ಹೊಲಿಗೆ ಕಾಣುತ್ತದೆ. ಆ ಹೊಲಿಗೆಯನ್ನು ಜನರಿಗೆ ತೋರಿಸಿಕೊಡುವವರು ಬೇಕು.

‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರ

ಈಗ ನಮ್ಮ ಸ್ವಂತ ಸಂಕಟಕ್ಕೆ ಬರೋಣ. ಕೆಲವು ತಿಂಗಳು ಸಂಜೆ ಹೊತ್ತು ಒಂದು ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಕೆಲಸ ಮಾಡಿದ್ದರಿಂದ ಇದನ್ನು ಹತ್ತಿರದಿಂದ ಕಂಡಿದ್ದೇನೆ. ನೇಮಕಾತಿ ಅರ್ಜಿಯ ಕೊನೆಯ ದಿನ. ಶುಲ್ಕ ಕಟ್ಟುವ ಪುಟದಿಂದ ಬ್ಯಾಂಕಿನ ಪುಟಕ್ಕೆ ಹೋಗಿ, ಓಟಿಪಿ ಒತ್ತಿ, ಹಣ ಕಡಿತವಾದ ಎಸ್ಸೆಮ್ಮೆಸ್ ಬಂದಿರುತ್ತದೆ. ಆದರೆ ಅರ್ಜಿಯ ಪುಟ ‘ಪೇಮೆಂಟ್ ಫೇಲ್ಡ್’ ಎನ್ನುತ್ತದೆ, ಇಲ್ಲವೇ ಸುತ್ತುತ್ತಾ ನಿಲ್ಲುತ್ತದೆ. ಮತ್ತೆ ಕಟ್ಟಬೇಕೇ, ಕಾಯಬೇಕೇ? ಕಾದರೆ ಗಡುವು ಮುಗಿಯುತ್ತದೆ. ಕಟ್ಟಿದರೆ ಎರಡು ಬಾರಿ ಹೋಗುತ್ತದೆ. ದಿನಗೂಲಿಯ ಮನೆಯ ಹುಡುಗಿಗೆ ಐನೂರು ರೂಪಾಯಿ ಎರಡು ಬಾರಿ ಹೋಗುವುದು ಸಣ್ಣ ಮಾತಲ್ಲ.

ಇಲ್ಲಿ ಆಗುವುದೇನು? ಪಾವತಿಗೆ ಮೂರು ಉತ್ತರಗಳಿರುತ್ತವೆ: ಆಯಿತು, ಆಗಲಿಲ್ಲ, ಇನ್ನೂ ಗೊತ್ತಿಲ್ಲ. ಹಳೆಯ ಪೋರ್ಟಲ್ ಬಲ್ಲದ್ದು ಮೊದಲ ಎರಡನ್ನು ಮಾತ್ರ. ಬ್ಯಾಂಕಿನ ಪುಟದಿಂದ ನಮ್ಮ ಬ್ರೌಸರ್ ಮರಳಿ ಬಂದಾಗ ತರುವ ಸುದ್ದಿಯನ್ನಷ್ಟೇ ಅದು ನಂಬುತ್ತದೆ. ಅಷ್ಟರಲ್ಲಿ ನೆಟ್ ಕಡಿದರೆ, ಫೋನಿಗೆ ಕರೆ ಬಂದು ಪುಟ ಮುಚ್ಚಿದರೆ, ಯುಪಿಐ ಆ್ಯಪ್‌ನಿಂದ ಹಿಂತಿರುಗುವುದು ತಡವಾಗಿ ಲಾಗಿನ್ ಅವಧಿ ಮುಗಿದರೆ, ಸುದ್ದಿ ತಲುಪುವುದಿಲ್ಲ. ಗೊತ್ತಿಲ್ಲದ್ದನ್ನು ಪೋರ್ಟಲ್ ‘ಆಗಲಿಲ್ಲ’ ಎಂದು ಬರೆದುಕೊಳ್ಳುತ್ತದೆ. ಚೆನ್ನಾಗಿ ಕಟ್ಟಿದ ವ್ಯವಸ್ಥೆ ಹೀಗೆ ಮಾಡುವುದಿಲ್ಲ. ಅದರ ಸರ್ವರ್ ನೇರವಾಗಿ ಪೇಮೆಂಟ್ ಗೇಟ್‌ವೇಯ ಸರ್ವರನ್ನು ‘ಈ ಸಂಖ್ಯೆಯ ಪಾವತಿ ಏನಾಯಿತು’ ಎಂದು ಕೇಳುತ್ತದೆ, ಉತ್ತರ ಬರುವವರೆಗೆ ಅರ್ಜಿಯನ್ನು ‘ಪರಿಶೀಲನೆಯಲ್ಲಿ’ ಎಂದು ಇಡುತ್ತದೆ. ಕಾರ್ಡಿನ ಕಾಲದಲ್ಲಿ ಕಟ್ಟಿದ ಪೋರ್ಟಲ್‌ಗೆ ಯುಪಿಐ ಬಟನ್ ಅಂಟಿಸಿ, ಈ ಭಾಗವನ್ನು ಸರಿಪಡಿಸದೆ ಬಿಟ್ಟರೆ ಹೊಸ ಬಾಗಿಲಿಗೆ ಹಳೆಯ ಚಿಲಕ ಹಾಕಿದಂತೆ.

ಇಂಥ ಸಂದರ್ಭಕ್ಕೆ ನಿಯಮವಿದೆ, ತಿಳಿದವರು ಕಡಿಮೆ. 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಯ ಕಡೆಗೆ ಖಚಿತತೆ ತಲುಪದಿದ್ದರೆ, ಕಾರ್ಡ್ ಆಗಲಿ ಯುಪಿಐ ಆಗಲಿ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕರು ದೂರು ಕೊಡುವವರೆಗೆ ಕಾಯದೆ ಅದನ್ನು ಖಾತೆಗೆ ಹಾಕಬೇಕು ಎಂದೂ ಸುತ್ತೋಲೆ ಹೇಳುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಆದ್ದರಿಂದ ವಹಿವಾಟು ಸಂಖ್ಯೆ, ಸಮಯ ಮತ್ತು ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಸೈಬರ್ ಸೆಂಟರಿನಲ್ಲಿ ಕಲಿತೆ. ವಾಪಸ್ ಬರುವ ಹಣ ಹೊರಟ ಖಾತೆಗೇ ಹೋಗುತ್ತದೆ. ಕಾರ್ಡ್ ಇಲ್ಲದ, ಯುಪಿಐ ಇಲ್ಲದ ಅಭ್ಯರ್ಥಿಗಳು ಸೆಂಟರ್ ಮಾಲೀಕರಿಗೆ ನಗದು ಕೊಟ್ಟು ಅವರ ಖಾತೆಯಿಂದ ಶುಲ್ಕ ಕಟ್ಟಿಸುತ್ತಾರೆ. ಪಾವತಿ ವಿಫಲವಾಗಿ ಐದು ದಿನದ ಮೇಲೆ ಹಣ ಬಂದರೆ ಅದು ಮಾಲೀಕರ ಖಾತೆಗೆ ಬರುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಅರ್ಜಿ ತುಂಬುವ ಕಡೆ ಯಾವ ಹಣ ಯಾರದ್ದು ಎಂದು ಹುಡುಕುವವರು ಯಾರು? ನಾನು ಕೆಲಸ ಮಾಡಿದ ಕಡೆ ಮಾಲೀಕರು ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ವಹಿವಾಟು ಸಂಖ್ಯೆ ಬರೆದಿಟ್ಟು, ಹಣ ಬಂದಾಗ ಫೋನ್ ಮಾಡಿ ಕೊಡುತ್ತಿದ್ದರು. ಎಲ್ಲರಿಗೂ ಅಂಥ ಮಾಲೀಕರು ಸಿಗುವುದಿಲ್ಲ. ಕೋಟಿಗಟ್ಟಲೆ ಖರ್ಚಿನ ಡಿಜಿಟಲ್ ವ್ಯವಸ್ಥೆಯ ಕೊನೆಯ ಕೊಂಡಿ ಎರಡು ನೂರು ಪುಟದ ನೋಟ್‌ಬುಕ್ ಆಗಿರುವುದು ಹೆಮ್ಮೆಯ ಮಾತಲ್ಲ.

ಏನು ಮಾಡಬಹುದು?

ಹಳೆಯದನ್ನೆಲ್ಲ ಒಂದೇ ಬಾರಿಗೆ ಕಿತ್ತು ಹೊಸದು ಕಟ್ಟಬೇಕು ಎಂದು ನಾನು ಹೇಳುತ್ತಿಲ್ಲ. ಮೇಲಿನ ಉದಾಹರಣೆಗಳೆಲ್ಲ ಅದು ಆಗದ ಮಾತು ಎಂದೇ ತೋರಿಸುತ್ತವೆ. ಆದರೆ ಶುಲ್ಕ ಪಡೆಯುವ ಪ್ರತಿ ಸರ್ಕಾರಿ ಪೋರ್ಟಲ್‌ನಿಂದ ಕನಿಷ್ಠ ನಾಲ್ಕು ವಿಷಯಗಳನ್ನು ನಾವು ಕೇಳಬಹುದು. ಪಾವತಿ ವಿಫಲ ಎಂದು ಬರೆಯುವ ಮೊದಲು ಗೇಟ್‌ವೇಯನ್ನು ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಗಡುವಿನೊಳಗೆ ಹಣ ಕಡಿತವಾಗಿದ್ದರೆ, ಖಚಿತತೆ ಆಮೇಲೆ ಬಂದರೂ ಅರ್ಜಿಯನ್ನು ಒಪ್ಪಬೇಕು. ಕಾರಣವನ್ನು ಕನ್ನಡದಲ್ಲಿ, ಮುಂದೇನು ಮಾಡಬೇಕು ಎಂಬುದರ ಜತೆ ತಿಳಿಸಬೇಕು. ಕಾರ್ಡೂ ಯುಪಿಐಯೂ ಇಲ್ಲದವರಿಗಾಗಿ ಅಂಚೆ ಕಚೇರಿ ಅಥವಾ ಬ್ಯಾಂಕ್ ಚಲನ್‌ನಂಥ ಒಂದು ಹಳೆಯ ದಾರಿ ತೆರೆದಿರಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಇದನ್ನು ಈಗಲೇ ಕೇಳಬೇಕಾದ ಕಾರಣವೂ ಇದೆ. ಎಸ್ಸೆಮ್ಮೆಸ್ ಓಟಿಪಿಯ ಜತೆಗೆ ಬೆರಳಚ್ಚು, ಮುಖ ಗುರುತು, ಆ್ಯಪ್‌ನಲ್ಲೇ ಒಪ್ಪಿಗೆಯಂಥ ಬೇರೆ ದೃಢೀಕರಣಗಳಿಗೂ ದಾರಿ ಮಾಡುವ ಆರ್‌ಬಿಐ ನಿರ್ದೇಶನ 2025ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಜಾರಿಯ ದಿನ 2026ರ ಏಪ್ರಿಲ್ 1. ಬ್ಯಾಂಕಿನ ಕಡೆ ಒಪ್ಪಿಗೆ ಕೊಡುವ ವಿಧಾನ ಬದಲಾದಂತೆ ಓಟಿಪಿ ಪುಟವನ್ನೇ ನಂಬಿ ಕಟ್ಟಿದ ಹಳೆಯ ಪೋರ್ಟಲ್‌ಗಳು ಮತ್ತೊಂದು ಪರೀಕ್ಷೆಗೆ ಕೂರಬೇಕಾಗುತ್ತದೆ. ಅವು ಫೇಲಾದರೆ ಕಷ್ಟ ನಮ್ಮದು.

ಇದರಲ್ಲಿ ನಮಗೊಂದು ಅವಕಾಶವೂ ಇದೆ. ಕ್ಯಾಂಪಸ್‌ಗಳಲ್ಲಿ ಎಲ್ಲರ ಬಾಯಲ್ಲೂ ಹೊಸ ತಂತ್ರಜ್ಞಾನದ ಹೆಸರುಗಳೇ. ಆದರೆ ಪಾವತಿ ಕ್ಷೇತ್ರದಲ್ಲಿ ಬಹುಪಾಲು ಕೆಲಸ ಇರುವುದು ಹೊಸತು ಮತ್ತು ಹಳತು ಸೇರುವ ಜಾಗದಲ್ಲಿ. ಇಂಜಿನಿಯರಿಂಗ್, ಬಿಸಿಎ ಓದುವವರು ಸಂದೇಶದ ಲಾಗ್ ಓದುವುದನ್ನು, ‘ಇನ್ನೂ ಗೊತ್ತಿಲ್ಲ’ ಎಂಬ ಸ್ಥಿತಿಯನ್ನು ನಿಭಾಯಿಸುವ ಕೋಡ್ ಬರೆಯುವುದನ್ನು, ಒಂದೇ ಪಾವತಿ ಎರಡು ಬಾರಿ ಆಗದಂತೆ ತಡೆಯುವುದನ್ನು ಕಲಿಯಬೇಕು. ಬಿ.ಕಾಂ. ಓದುವವರು ಬ್ಯಾಂಕಿನ ಲೆಕ್ಕ, ಗೇಟ್‌ವೇಯ ಲೆಕ್ಕ, ಅಂಗಡಿಯ ಲೆಕ್ಕ ಮೂರನ್ನೂ ತಾಳೆ ಹಾಕುವ ರಿಕನ್ಸಿಲಿಯೇಷನ್ ಕಲಿಯಬೇಕು. ಬ್ಯಾಂಕ್ ಹೊಂದಾಣಿಕೆ ಪಟ್ಟಿ ಎಂದು ಪಿಯುಸಿಯಲ್ಲಿ ಓದಿದ್ದೇವಲ್ಲ, ಅದೇ ಪಾಠ ಇಲ್ಲಿ ದಿನನಿತ್ಯ ದುಡಿಯುತ್ತದೆ. ಕನ್ನಡ ಓದುವವರಿಗೆ, ಆ ಎರಡು ಪದಗಳ ಇಂಗ್ಲಿಷ್ ಸಂದೇಶವನ್ನು ಜನರಿಗೆ ಅರ್ಥವಾಗುವ ಸಾಲಾಗಿಸುವ ಕೆಲಸವಿದೆ.

ಹೊಸ ಕಾರ್ಡ್ ವಿನ್ಯಾಸ ಮಾಡುವವರು ಬೆರಳೆಣಿಕೆಯ ಮಂದಿ. ಅದು ಊರಿನ ಹಳೆಯ ಕೌಂಟರಿನಲ್ಲಿ ನಡೆಯುವಂತೆ ಮಾಡಲು ಸಾವಿರಾರು ಮಂದಿ ಬೇಕು. ಕೌಂಟರಿನ ಈಚೆ ನಿಂತು ಕಷ್ಟ ಅನುಭವಿಸಿದ ನಮ್ಮ ತಲೆಮಾರಿನವರು ಆಚೆ ಬದಿಗೆ ಹೋಗಿ ಕೂತಾಗ, ಆ ಮೂರನೆಯ ಉತ್ತರಕ್ಕೊಂದು ಜಾಗ ಮಾಡಿಕೊಟ್ಟರೂ ಬಹಳಷ್ಟು ಅರ್ಜಿಗಳು ಉಳಿಯುತ್ತವೆ.